ಕೆನಡಾ ಅರ್ಜಿಗಿ ಕುಂಕುಮ

ದೋಸ್ತರೇ, ಇವತ್ತು ನಮ್ಮ ಆಯಿ ಕೆನಡಾ ಸರ್ಕಾರದ ಅರ್ಜಿಗಿ ಕುಂಕುಮ ಹಚ್ಚಿ ಬಂದಾಳ!

ಆಯಿ ಅಂದ್ರ ನಮ್ಮಪ್ಪನ ಅವ್ವ, ಔರಾದ ಕಡಿಯಾಕಿ. ಕೆನಡಾದಾಗಿರೋ ಮಗಳು, ಅಂದ್ರ ನಮ್ಮತ್ತಿ ಜೋಡಿ ಕಾಯಂ ಇರಲಾಕ ಹೊಂಟಾಳ. ಬೀದರದಾಗ ಅರ್ಜಿ ತುಂಬೋ ಏಜೆಂಟ್ ಕೇಳಿದ, "ಆಯಿ, ಹಿಂದ ಏನರ ದೊಡ್ಡ ಬ್ಯಾನಿ ಆಗಿತ್ತೇನ್ರಿ?"

"ಏನೂ ಇಲ್ಲಪ್ಪ."

ಆತ ಆಕಿ ಮುಖದ ಮ್ಯಾಲಿನ ಸಿಡುಬಿನ ಕಲಿ ನೋಡಿದ. "ಮತ್ತ ಇವು ಏನ್ರಿ?"

"ಅದು ಬ್ಯಾನಿ ಅಲ್ಲೋ! ಪೋಲೀಸ್ ಆಕ್ಷನ್ ಆದ ವರ್ಷ ನಮ್ಮ ಮನಿಗಿ ದೇವಿ ಬಂದಿದ್ಲು. ಮೊಸರನ್ನ ಎಡಿ ಮಾಡಿ ಕಳಿಸೇವಿ."

"ಸಿಡುಬು ಅಂತ ಬರೀಬೇಕಾಗ್ತದ್ರಿ. ಮುಚ್ಚಿಟ್ರ ಸುಳ್ಳು ಹೇಳೀರಿ ಅಂತ ಅರ್ಜಿ ವಾಪಸ್ ಒಗೀತಾರ."

ಆಯಿ ಎದ್ದೇ ನಿಂತಳು. "ನಿಜಾಮನ ಕಡಿ ರಜಾಕಾರರು ನಮ್ಮ ಬಾಗಲ ತನಕ ಬಂದು, ದೇವಿ ಬಂದ ಗುರ್ತಿಗಿ ಕಟ್ಟಿದ ಬೇವಿನ ತಪ್ಪಲ ನೋಡಿ ಅಂಜಿ ಓಡಿದ್ರು. ಒಳಗ ಆಕಿ ಇದ್ಲಂತ ನಾವು ಉಳದೇವಿ. ಆಕಿಗಿ ಬ್ಯಾನಿ ಅಂತೀಯಾ? ನಾ ಕೆನಡಾಕ್ಕೇ ಹೋಗಂಗಿಲ್ಲ!"

ನನಗ ನಗು ತಡಿಯಲಾಕ ಆಗಲಿಲ್ಲ. ಕಡೀಕಿ ಏಜೆಂಟ್ ಸಿಡುಬು ಅಂತ ಇಂಗ್ಲಿಷಿನಾಗ ಬರದ, ಪಕ್ಕಕ್ಕ "ಮನಿಯವರು ಇದಕ್ಕ ದೇವಿ ಅಂತಾರ" ಅಂತನೂ ಸೇರಿಸಿದ. ನಾನು ಓದಿ ಹೇಳಿದೆ. ಆಯಿ ಖುಷ್! ಸಂಚಿಯಿಂದ ಕುಂಕುಮ ತಗದು ಆ ಸಾಲಿನ ಮ್ಯಾಲ ಹಚ್ಚೇ ಬಿಟ್ಟಳು.

"ಅಯ್ಯೋ, ಬ್ಯಾರೆ ಪ್ರಿಂಟ್ ತಗೀತೀನ್ರಿ!"

"ದೇವಿ ಕುಂತ ಹಾಳಿ ಹರೀತೀಯೇನು?"

ಏಜೆಂಟ್ ಚಪ್ಪಲ್ ಬಿಟ್ಟು, ಅದೇ ಹಾಳಿ ಸ್ಕ್ಯಾನ್ ಮಾಡಿ ಕಳಿಸಿದ.

ಆಯಿ ಇನ್ನಾ ಬೀದರದ ಚಿದ್ರಿಯಾಗಿನ ನಮ್ಮ ಮನ್ಯಾಗ ಚಾ ಕುಡೀಲಕತ್ತಾಳ. ದೇವಿ ಆಗಲೇ ಕೆನಡಾ ಮುಟ್ಯಾಳ.