ಮದುವೆಯ ಪೆನ್ ಡ್ರೈವ್

ವರ್ಕಾಡಿಯ ಲೀಲಕ್ಕನ ಮನೆಗೆ ಕಂಪ್ಯೂಟರಿನ ವೈರಸ್ ತೆಗೆಯಲಿಕ್ಕೆ ನಾನು ಹೋದದ್ದು ಒಂದೇ ತಿಂಗಳಲ್ಲಿ ಮೂರನೇ ಸಲ. ಯಾರೂ ಮುಟ್ಟದಿದ್ದರೂ ಅದು ಇಂಟರ್ನೆಟ್ಟಿನಲ್ಲಿ ಯಾರಿಗೋ ಏನೇನೋ ಕಳಿಸುತ್ತಲೇ ಇತ್ತು. ಹೋದ ಸಲವೇ ಆಂಟಿವೈರಸ್ ಹಾಕಿಕೊಟ್ಟಿದ್ದೆ. ನೋಡಿದರೆ ಅದನ್ನೇ ಆಫ್ ಮಾಡಿಟ್ಟಿದ್ದಾರೆ!

“ಎಂತ ಲೀಲಕ್ಕ ಇದು?”

“ಅದು ಮಗಳ ಮದುವೆಯ ವಿಡಿಯೋ ತೆರೆಯಲಿಕ್ಕೇ ಬಿಡುವುದಿಲ್ಲ ಮಾರಾಯ್ರೆ,” ಎಂದು ಅವರು ಒಂದು ಪೆನ್ ಡ್ರೈವ್ ತೋರಿಸಿದರು. ಮದುವೆಗೆ ಬಾರದವರ ಮನೆಗಳಿಗೆಲ್ಲ ಹೋಗಿ ಬಂದ ಪೆನ್ ಡ್ರೈವ್ ಅದು. ಆ ಮನೆಗಳ ಕಂಪ್ಯೂಟರುಗಳನ್ನು ರಿಪೇರಿ ಮಾಡಿದವನೂ ನಾನೇ!

ನನಗೆ ಪಿತ್ತ ನೆತ್ತಿಗೇರಿತು. “ಕಳ್ಳನನ್ನು ಒಳಗೆ ಕರೆಯಲಿಕ್ಕೆ ಕಾವಲಿನವನನ್ನೇ ಮಲಗಿಸುವುದಾ? ಇನ್ನು ಇದನ್ನು ಯಾರಿಗೂ ಕೊಡಬೇಡಿ!”

ಲೀಲಕ್ಕ ತಲೆಯಾಡಿಸಿದರು. ಚಹಾ ಕೊಟ್ಟರು. ನಾನು ಹೊರಡುವಾಗ ಅದೇ ಪೆನ್ ಡ್ರೈವನ್ನು ನನ್ನ ಕೈಯಲ್ಲಿಟ್ಟರು.

“ನೀವೂ ಮದುವೆಗೆ ಬರಲಿಲ್ಲ ಅಲ್ವಾ? ಇದನ್ನಾದರೂ ನೋಡಿ.”

ಬೇಡ ಎಂದರೆ ಎರಡನೇ ಸಲವೂ ಮದುವೆಗೆ ಹೋಗದ ಹಾಗೆ. ಜೇಬಿಗೆ ಹಾಕಿಕೊಂಡು ಬಂದೆ, ಇನ್ನೂ ತೆರೆದಿಲ್ಲ. ಲೀಲಕ್ಕ ಸಿಕ್ಕಿದಾಗಲೆಲ್ಲ “ಮದುಮಗಳು ಹೇಗೆ ಕಂಡಳು?” ಎಂದು ಕೇಳುತ್ತಾರೆ. “ಬಹಳ ಚಂದ” ಎನ್ನುತ್ತೇನೆ, ಹಲ್ಲು ಕಚ್ಚಿಕೊಂಡು.