ಓರಗಿತ್ತಿಯ ಬಾವಿ

ನನ್ನ ಮಗನ ಮಗಳು ಹೈದರಾಬಾದಿನಲ್ಲಿ ಎಂ.ಎ. ಓದುತ್ತಾಳೆ. ಸಮಾಜಶಾಸ್ತ್ರವಂತೆ. ಜನರನ್ನು ಮಾತಾಡಿಸಿ, ಅವರು ಹೇಳಿದ್ದನ್ನು ಬರೆಯಬೇಕಂತೆ. ಮಾತಾಡಿಸುವುದಕ್ಕೂ ಕಾಲೇಜು ಬೇಕೇ ಎಂದು ನಾನು ಅವಳ ಮುಖದ ಮೇಲೇ ಅಂದಿದ್ದೆ. ಹೋದ ಚಳಿಗಾಲದಲ್ಲಿ ಅವಳ ಜೊತೆ ತಿರುಗಿದ ಮೇಲೆ ಹಾಗೆ ಅನ್ನುವುದನ್ನು ಬಿಟ್ಟೆ.

ಕುರಿ ಹಿಂಡಿನ ಹಿಂದೆ ತಿಂಗಳುಗಟ್ಟಲೆ ಊರೂರು ನಡೆದ ಹೆಂಗಸರ ಬದುಕು, ಇದು ಅವಳು ಹಿಡಿದ ವಿಷಯ. ನಮ್ಮದೇ ಬದುಕು. ಆದರೆ ಅವಳ ಮೇಡಂ ಮೊದಲೇ ಹೇಳಿಬಿಟ್ಟಿದ್ದರು: ಹೆಂಗಸರು ಮನಸ್ಸಿನಿಂದ ಆಡಿದ ಮಾತು ತಂದರೆ ಸರಿ, ಇಲ್ಲವಾದರೆ ಈ ವಿಷಯ ಬಿಟ್ಟು ಯಾವ ಮನೆಯಲ್ಲಿ ಎಷ್ಟು ಕುರಿ ಇವೆ ಎಂದು ಎಣಿಸಿಕೊಂಡು ಬಾ. ಹುಡುಗಿಗೆ ಎಣಿಕೆ ಬೇಡವಾಗಿತ್ತು. ನಮ್ಮ ಮೊಗುಡಂಪಲ್ಲಿ ಸುತ್ತ ಮನೆಮನೆ ತಿರುಗಿ ಬಂದು, ಊಟದ ತಟ್ಟೆ ಮುಂದಿಟ್ಟರೂ ಮುಟ್ಟದೆ ಕೂತಳು.

“ಎಲ್ಲಾರೂ ಒಂದೇ ಹೇಳ್ತಾರ ಆಯಿ. ಬಿಸಲು, ಮುಳ್ಳು, ಕಾಲು ನೋವು. ಆಮ್ಯಾಲ ಪಿಂಚಣಿ ಯಾವಾಗ ಬರ್ತದ ಅಂತ ನನಗೇ ಕೇಳ್ತಾರ.”

“ಕೇಳದೆ ಏನ್ ಮಾಡ್ತಾರ? ನೀ ಹೋಗಿ ಏನ್ ಕಷ್ಟ ಅದ ಅಂತ ಕೇಳ್ದಿ. ಹಾಂಗ ಕೇಳವ್ರು ಏನರೆ ಕೊಡಾಕ ಬಂದಾರಂತ ತಿಳೀತಾರ.”

ಮರುದಿನ ಇಬ್ಬರೂ ಬಸ್ಸು ಹತ್ತಿದೆವು. ತಾಂಡೂರಿನಲ್ಲಿ ಇಳಿದು ಯಾಲಾಲ್ ಕಡೆಯ ಬಸ್ಸು ಹಿಡಿದೆವು. ಅಲ್ಲಿ ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ, ಮಗನ ಜೊತೆ ಇದ್ದಾಳೆ. ಪ್ರಾಯದಲ್ಲಿ ನಾವಿಬ್ಬರೂ ಒಂದೇ ಹಿಂಡಿನ ಹಿಂದೆ ನಡೆದವರು. ಅವಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ದಾರಿಯುದ್ದಕ್ಕೂ ಹುಡುಗಿಗೆ ಹೇಳಿದೆ.

ಓರಗಿತ್ತಿ ಕಲ್ಲುಹಾಸಿನ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಹುಡುಗಿ ಫೋನನ್ನು ಮುಂದಿಟ್ಟಳು. ಓರಗಿತ್ತಿ ಅದನ್ನು ತಹಶೀಲ್ದಾರನನ್ನು ನೋಡಿದ ಹಾಗೆ ನೋಡಿ, ಮುಖ ಸಣ್ಣದು ಮಾಡಿಕೊಂಡು ಶುರು ಮಾಡಿದಳು. ಬಿಸಿಲು, ಮುಳ್ಳು. ಅವಳು ತಡವರಿಸಿದಲ್ಲೆಲ್ಲ ನಾನು ಬಾಯಿ ಹಾಕಿ ತುಂಬಿಸಿದೆ.

“ಆಯಿ, ನೀ ಒಂಚೂರು ಸುಮ್ನ ಕೂಡ್ತಿ? ಫೋನ್ ತುಂಬಾ ನಿನ್ನ ದನಿನೇ ಆಗ್ಯದ.”

ಸಿಟ್ಟು ಬಂತು. ಆದರೂ ಬಾಯಲ್ಲಿ ಅಡಿಕೆ ಹಾಕಿಕೊಂಡು ಸುಮ್ಮನಾದೆ.

ಹುಡುಗಿ ಓರಗಿತ್ತಿಯ ಹತ್ತಿರ ಸರಿದು ಕೂತಳು. “ಸಣ್ಣಾಯಿ, ಕಷ್ಟ ಅತ್ಲಾಗ ಇರಲಿ. ಮಧ್ಯಾಹ್ನ ಕುರಿ ನೆರಳಿಗೆ ನಿಂತಾಗ ನೀ ಏನ್ ಮಾಡ್ತಿದ್ದಿ?”

ಬೇಳೆ ಆರಿಸುವ ಕೈ ನಿಂತಿತು.

“ಈಜ್ತಿದ್ದೆ.”

ಬೈಕು ಒರೆಸುತ್ತಿದ್ದ ಅವಳ ಮಗ ತಿರುಗಿ ನೋಡಿದ. “ಅವ್ವಾ, ನಿನಗ ಈಜು ಬರ್ತದ?”

“ನಿನ್ನ ಕೇಳಿ ಕಲಿಬೇಕಿತ್ತೇನು? ನೀ ಹುಟ್ಟಿರಲಿಲ್ಲ.”

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ನಮ್ಮ ಕುರಿಯನ್ನು ಗೊಬ್ಬರಕ್ಕೆಂದು ತರುಬಿ ನಿಲ್ಲಿಸುತ್ತಿದ್ದ ಒಂದು ಹೊಲದಲ್ಲಿ ಮೆಟ್ಟಿಲಿನ ಬಾವಿ ಇತ್ತು. ಆ ಹೊಲದ ರೈತನ ಹೆಂಡತಿ ಇವಳ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನೀರಿಗೆ ಇಳಿಸಿದಳಂತೆ. ಆಮೇಲೆ ಬುರುಡೆಯೂ ಬೇಡವಾಯಿತಂತೆ. ಮೇಲಿನ ಮೆಟ್ಟಿಲಿನಿಂದ ಹಾರುತ್ತಿದ್ದಳಂತೆ. ಇದನ್ನು ಹೇಳುವಾಗ ಎರಡೂ ಕೈ ಮೇಲೆತ್ತಿದಳು. ಮೊರದ ಬೇಳೆ ಕಲ್ಲಿನ ಮೇಲೆ ಚೆಲ್ಲಿತು, ಕೋಳಿ ಬಂದು ಹೆಕ್ಕತೊಡಗಿತು, ಯಾರೂ ಓಡಿಸಲಿಲ್ಲ. ನನಗೆ ತಡೆಯಲಾಗಲಿಲ್ಲ. ಅಡಿಕೆ ಉಗುಳಿದೆ.

“ನೀರಿಗಂತ ಹೋದ್ರ ಒಂದ್ ಕೊಡ ತುಂಬಾಕ ನಿನಗ ಅಷ್ಟೊತ್ತು ಯಾಕ ಹಿಡಿತಿತ್ತು ಅಂತ ಈಗ ತಿಳೀತು. ಮತ್ತ ನಾ ಒಬ್ಬಾಕಿ ಕುರಿ ಕಾಯ್ತಾ ಕೂಡಬೇಕಿತ್ತು?”

“ನೀ ಎಲ್ಲಿ ಕಾಯ್ತಿದ್ದಿ ಅಕ್ಕಾ? ಗೊರಕಿ ಹೊಡಿತಿದ್ದಿ. ಕುರಿನೇ ನಿನ್ನ ಕಾಯ್ತಿದ್ವು.”

ಹುಡುಗಿ ಬಾಯಿಗೆ ಸೆರಗಿನಂತೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಓರಗಿತ್ತಿ ಮಾತ್ರ ನಗಲಿಲ್ಲ.

“ಮನ್ಯಾಗ ಅತ್ತಿ ಕಣ್ಣು, ಮಾವನ ಕಣ್ಣು. ಬಾವ್ಯಾಗ ಯಾರ ಕಣ್ಣೂ ಇರಲಿಲ್ಲ. ಹಿಂಡು ಯಾವಾಗ ಹೊರಡ್ತದಂತ ನಾ ವರ್ಷಪೂರ್ತಿ ದಾರಿ ನೋಡ್ತಿದ್ದೆ.”

ನಾನು ಆ ದಿನಗಳನ್ನು ಎಲ್ಲರ ಮುಂದೆ ಗೋಳು ಎಂದೇ ಹೇಳಿಕೊಂಡು ಬಂದವಳು. ಅದು ಸುಳ್ಳಲ್ಲ, ನನ್ನ ಕಾಲನ್ನು ಕೇಳಿದರೆ ಹೇಳುತ್ತದೆ. ಇವಳದ್ದೂ ಸುಳ್ಳಲ್ಲ. ಅದೇ ದಾರಿ, ಅದೇ ಕುರಿ. ಇನ್ನೂ ಕೇಳು, ಇನ್ನೂ ಕೇಳು ಎಂದು ಹುಡುಗಿಯನ್ನು ತಿವಿದೆ. ಮನೆಮನೆಯ ಕುರಿ ಎಣಿಸಿದ್ದರೆ ಈ ಬಾವಿ ಯಾರ ಲೆಕ್ಕದಲ್ಲಿ ಬರುತ್ತಿತ್ತು?

ಹುಡುಗಿ ಅಲ್ಲಿಂದಲೇ ಮೇಡಂಗೆ ಫೋನು ಹಚ್ಚಿ ತೆಲುಗಿನಲ್ಲಿ ಗಡಗಡ ಎಲ್ಲ ಹೇಳಿದಳು. ಫೋನಿಟ್ಟಾಗ ಮುಖ ಅರಳಿತ್ತು.

“ಇದೇ ಬೇಕಿತ್ತಂತ. ಆದರ ಸಣ್ಣಾಯಿ ಹೂಂ ಅಂದ್ರಷ್ಟೇ ಬರೀಬೇಕಂತ. ಹೆಸರು ಹಾಕಂಗಿಲ್ಲ.”

“ಬ್ಯಾಡ,” ಅಂದ ಮಗ. “ಹೆಸರಿಲ್ಲದಿದ್ರೂ ಊರಿಗೆ ಗೊತ್ತಾಗ್ತದ. ಮಂದಿ ನಗ್ತಾರ.”

ಹುಡುಗಿಯ ಮುಖ ಇಳಿಯಿತು. ನಾನು ಏನೋ ಅನ್ನಲು ಹೋಗಿ, ಹುಡುಗಿಯ ಕಣ್ಸನ್ನೆ ನೋಡಿ ತಡೆದುಕೊಂಡೆ. ಓರಗಿತ್ತಿ ಕೋಳಿಯನ್ನು ಓಡಿಸಿ, ಚೆಲ್ಲಿದ ಬೇಳೆಯನ್ನು ಮೊರಕ್ಕೆ ಬಳಿದುಕೊಂಡಳು.

“ಬರಿ,” ಅಂದಳು ಕಡೆಗೆ. “ಆದರ ಬಾವಿ ಭಾಳ ಆಳ ಇತ್ತಂತ ಬರಿ. ಹಳ್ಳದಾಗ ಕೈಕಾಲು ಬಡದಾಳಂತ ಯಾರೂ ತಿಳ್ಕೋಬಾರ್ದು.”