ಸುನ್ನ್ ಅಂದರೆ ಸುಣ್ಣವಲ್ಲ

ಕೈ ನೀರಿನೊಳಗಿತ್ತು. ನೀರು ಬಿಸಿಯೋ ತಣ್ಣಗೋ ಕೈಗೆ ಗೊತ್ತಾಗಲಿಲ್ಲ. ಹಬೆ ಏಳುವುದು ಕಣ್ಣಿಗೆ ಕಂಡಿತು, ಬೆರಳು ಕೆಂಪಾಗುವುದೂ ಕಂಡಿತು. ಆದರೆ ಅವು ಬೇರೆ ಯಾರದೋ ಬೆರಳಿನಂತೆ ಬೋಗುಣಿಯಲ್ಲಿ ಸುಮ್ಮನೆ ಬಿದ್ದಿದ್ದವು. ಮನಾಲಿಯಲ್ಲಿ ಈ ಚಳಿಗಾಲದ ಮೊದಲ ಹಿಮ ಬಿದ್ದ ಬೆಳಿಗ್ಗೆ ಅದು. ನಾನು ಬಾಡಿಗೆಗಿರುವ ಮನೆಯ ಒಡತಿ ಬಿಮಲಾ ದೀದಿ ಓಡಿ ಬಂದು ನನ್ನ ಕೈ ಹೊರಗೆಳೆದು, "ಸುನ್ನ್ ಹೋ ಗಯಾ?" ಎಂದು ಕೇಳಿದರು.

ನಾನು ಹೇಳಿದೆ, "ಇಲ್ರಿ ದೀದಿ, ನಾನು ಎಲಿ ಹಾಕೂದಿಲ್ಲ."

ಎಲೆ-ಅಡಿಕೆಗೆ ಸುಣ್ಣ ಬೇಕೇನು ಎಂದು ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಸುನ್ನ್ ಅಂದರೆ ಇಲ್ಲಿ ಜೋಮು, ಸ್ಪರ್ಶ ತಿಳಿಯದಂತಾಗುವುದು. ನಮ್ಮ ಸುಣ್ಣಕ್ಕೆ ಇಲ್ಲಿ ಚೂನಾ ಅನ್ನುತ್ತಾರೆ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಉರ್ದು ಕೇಳುತ್ತ ಬೆಳೆದವಳು ನಾನು, ಹಿಂದಿ ಏನು ಮಹಾ ಎಂಬ ಧೈರ್ಯದಿಂದ ಬಂದಿದ್ದೆ. ಇಲ್ಲಿ 'ನಕ್ಕೋ' ಅಂದರೆ ಯಾರಿಗೂ ತಿಳಿಯುವುದಿಲ್ಲ. ಬೇಡವೆಂದು ಹೇಳಲು ಬಾರದೆ ಮೊದಲ ವಾರ ಬಿಮಲಾ ದೀದಿ ಬಡಿಸಿದ್ದೆಲ್ಲವನ್ನೂ ಉಂಡೆ.

ಶಿರಹಟ್ಟಿಯ ದಾರಿಯಲ್ಲಿ ಕಪ್ಪತಗುಡ್ಡ ನೋಡಿ, ಗುಡ್ಡವೆಂದರೆ ಅದೇ ಎಂದುಕೊಂಡು ಐವತ್ತು ದಾಟಿದವಳು ನಾನು. ಇಲ್ಲಿಯವರು ಅಂಥ ಗುಡ್ಡಕ್ಕೆ ಹೆಸರನ್ನೂ ಇಡಲಿಕ್ಕಿಲ್ಲ. ಅದರ ನೆತ್ತಿಯ ಮೇಲೆ ಸೇಬು ಹಚ್ಚಿ, ಮನೆ ಕಟ್ಟಿ, ಹಸು ಸಾಕುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಎರೆಮಣ್ಣು ಕಾಲು ಹಿಡಿದು ಬಿಡುವುದೇ ಇಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಇಲ್ಲಿ ಹಿಮ ಕಾಲು ಹಿಡಿಯುವುದೇ ಇಲ್ಲ, ಜಾರಿಸಿ ಬಿಡುತ್ತದೆ.

ನಾನು ಬಂದದ್ದು ರೊಟ್ಟಿ ಬಡಿಯಲು. ಮುಂಡರಗಿಯ ಗಂಡ-ಹೆಂಡತಿ ಇಲ್ಲಿ ಖಾನಾವಳಿ ಇಟ್ಟಿದ್ದಾರೆ. ಹುಬ್ಬಳ್ಳಿ, ಗದಗ, ಬಾಗಲಕೋಟೆಯಿಂದ ಹಿಮ ನೋಡಲು, ನದಿಯಲ್ಲಿ ರಬ್ಬರ್ ದೋಣಿ ಏರಲು, ಬೆಟ್ಟ ಹತ್ತಲು ಬಂದವರು ಎರಡು ದಿನ ರಾಜ್ಮಾ-ಚಾವಲ್ ಉಂಡು ಮೂರನೆಯ ದಿನ ರೊಟ್ಟಿ ಹುಡುಕುತ್ತಾರೆ. ಆಗ ನಮ್ಮ ಬೋರ್ಡು ಕಾಣುತ್ತದೆ. ಜೋಳದ ಹಿಟ್ಟು ಊರಿನಿಂದಲೇ ಬರಬೇಕು. ದಾರಿಯಲ್ಲಿ ಹಳತಾಗಿ ಹಿಟ್ಟಿನ ಜಿಗುಟು ಹೋಗಿರುತ್ತದೆ, ಬಡಿದರೆ ಅಂಚು ಸೀಳುತ್ತದೆ. ಕುದಿಯುವ ಎಸರು ಹಾಕಿ, ಬಿಸಿ ಇರುವಾಗಲೇ ನಾದಿ, ಬೆರಳಿನಿಂದ ಅದರ ಮನಸ್ಸು ತಿಳಿದು ಬಡಿಯಬೇಕು. ಬೆರಳಿಗೆ ಏನೂ ತಿಳಿಯದಿದ್ದರೆ? ಸುಮ್ಮನೆ ರೂಢಿಯ ಮೇಲೆ ಬಡಿಯುತ್ತೇನೆ. ಗಿರಾಕಿಗಳು ಊರ ರೊಟ್ಟಿಯೇ ಅನ್ನುತ್ತಾರೆ. ನನಗೆ ಹೌದೋ ಅಲ್ಲವೋ ಗೊತ್ತಾಗುವುದಿಲ್ಲ.

ಇಷ್ಟು ದೂರ ಯಾಕೆ ಬಂದೆ ಎಂದು ಊರಿನವರು ಇನ್ನೂ ಕೇಳುತ್ತಾರೆ. ಹೇಳಬೇಕೆಂದರೆ ನಮ್ಮ ಆಯಿಯಿಂದ ಶುರು ಮಾಡಬೇಕು.

ಆಯಿ ಅಂದರೆ ಅವ್ವನ ಅವ್ವ, ಅಂತೂರ ಬೆಂತೂರದವಳು. ನನಗೆ ಮಾತು ಬಂದದ್ದು ಅವಳ ಮಡಿಲಲ್ಲಿ. ಸತ್ತವರ ಮುಂದೆ ಹಾಡಿ ಅಳುವುದರಲ್ಲಿ ಸುತ್ತಲ ಊರುಗಳಲ್ಲಿ ಅವಳಿಗೆ ಸಮ ಇರಲಿಲ್ಲ. ಸತ್ತವನು ಯಾವ ಎತ್ತು ಹೂಡುತ್ತಿದ್ದ, ಯಾವ ಸೊಸೆಗೆ ಯಾವ ಸೀರೆ ತಂದಿದ್ದ, ಎಲ್ಲವನ್ನೂ ಅಲ್ಲೇ ಪೋಣಿಸಿ ಹಾಡುತ್ತಿದ್ದಳು. ಕಲ್ಲಿನಂತೆ ಕುಳಿತವರೂ ಕರಗುತ್ತಿದ್ದರು. ಆ ವಿದ್ಯೆ ನನಗೂ ಬಂತು. ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದ ಮೇಲೆ ಯಾರ ಮನೆಯಲ್ಲಿ ಸಾವಾದರೂ, "ಗೌರವ್ವನ್ನ ಕರೀರಿ" ಅನ್ನುತ್ತಿದ್ದರು.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ನನ್ನ ಗಂಡ ತೀರಿಕೊಂಡರು. ಬಸ್‌ಸ್ಟ್ಯಾಂಡ್ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದ ಮನುಷ್ಯ, ಮಶೀನಿನ ಮುಂದೆಯೇ ಕುಸಿದರು. ಮಣ್ಣಿಗೆ ಬಂದವರೆಲ್ಲ ನನ್ನ ಬಾಯಿ ನೋಡಿದರು. ನನಗೆ ಹಾಡೂ ಬರಲಿಲ್ಲ, ಹನಿಯೂ ಬರಲಿಲ್ಲ. ಹೆಂಗಸರು ಸುತ್ತ ಕುಳಿತು ಭುಜ ಅಲುಗಿಸಿದರು. "ಅಳಬೇ ಗೌರವ್ವ, ಎದಿ ಹಗುರ ಆಗ್ತೈತಿ" ಎಂದರು. ಅಳಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ಗೋಡೆಯ ಆಚೆ ಒಬ್ಬಳು ಅಂದದ್ದು ಕೇಳಿಸಿತು: "ಊರ ಮಂದಿಗೆಲ್ಲಾ ಕೊಡಗಟ್ಲೆ ಅತ್ತಾಕಿ, ಗಂಡಗ ಎರಡ ಹನಿ ಇಲ್ಲ ನೋಡ್."

ಆ ಮಾತಿಗೆ ಸಿಟ್ಟೂ ಬರಲಿಲ್ಲ. ದಿನಾ ಯಾರಾದರೂ ಬಂದು ನನ್ನ ಎದುರು ಕುಳಿತು ಕಾಯುತ್ತಿದ್ದರು, ಹಾಲು ಉಕ್ಕುವುದನ್ನು ಕಾಯುವಂತೆ. ಮುಂಡರಗಿಯವರು ರೊಟ್ಟಿ ಬಡಿಯುವವರನ್ನು ಹುಡುಕಿಕೊಂಡು ಬಂದಾಗ ನಾನು ಹೂಂ ಅಂದೆ. ಎಲ್ಲಿಗೆ ಎಂದೂ ಸರಿಯಾಗಿ ಕೇಳಲಿಲ್ಲ.

ಖಾನಾವಳಿ ಪೇಟೆಯಲ್ಲಿದೆ, ನನ್ನ ಕೋಣೆ ನದಿ ದಾಟಿದ ಹಳ್ಳಿಯಲ್ಲಿ. ಕಲ್ಲು, ಮರದ ತೊಲೆ, ಮತ್ತೆ ಕಲ್ಲು ಹೀಗೆ ಪೇರಿಸಿದ ಮನೆ. ಕೆಳಗೆ ದನ, ಮೇಲೆ ಜನ. ನಡುಮನೆಯಲ್ಲಿ ಕಬ್ಬಿಣದ ಒಲೆ, ಅದಕ್ಕೆ ತಂದೂರ್ ಎನ್ನುತ್ತಾರೆ, ಹೊಗೆ ಕೊಳವೆಯಿಂದ ಮಾಡಿನಾಚೆ ಹೋಗುತ್ತದೆ. ಚಳಿಗಾಲವಿಡೀ ಸಂಸಾರ ಅದರ ಸುತ್ತಲೇ. ನಮ್ಮ ಮಣ್ಣಿನ ಮಾಳಿಗೆ ಮನೆಯಲ್ಲಿ ಬೇಸಿಗೆ ತಪ್ಪಿಸಿಕೊಳ್ಳಲು ಹೇಗೆ ತಂಪು ಜಾಗ ಹುಡುಕುತ್ತೇವೋ ಹಾಗೆ.

ಈ ಹಳ್ಳಿಯಲ್ಲೊಂದು ಪದ್ಧತಿ. ಸಂಕ್ರಮಣದ ದಿನ ಊರ ದೇವರು ಸ್ವರ್ಗದ ಸಭೆಗೆ ಹೋಗುತ್ತಾನಂತೆ. ತಿಂಗಳು ಕಳೆದ ಮೇಲೆ ಬರುತ್ತಾನೆ. ಅಲ್ಲಿಯವರೆಗೆ ಗುಡಿಯಲ್ಲಿ ಪೂಜೆಯಿಲ್ಲ, ಗಂಟೆಗೆ ಬಟ್ಟೆ ಸುತ್ತಿರುತ್ತಾರೆ. ಯಾರೂ ನೆಲ ಅಗೆಯುವುದಿಲ್ಲ, ಟಿವಿ ಹಚ್ಚುವುದಿಲ್ಲ, ಗಟ್ಟಿಯಾಗಿ ಮಾತನಾಡುವುದಿಲ್ಲ. ನಮ್ಮಲ್ಲಿ ಸಂಕ್ರಮಣವೆಂದರೆ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗಿ ಗದ್ದಲ ಮಾಡುವುದು. ಇಲ್ಲಿ ಇಡೀ ಊರು ತುಟಿ ಮುಚ್ಚುತ್ತದೆ. ಬಿಮಲಾ ದೀದಿ ಹೆದರುತ್ತ ಕೇಳಿದರು, "ನಿನಗೆ ಕಷ್ಟವಾಗುವುದಿಲ್ಲವೆ?" ಕಷ್ಟವೇ? ಯಾರೂ ನನ್ನಿಂದ ಒಂದು ಸಪ್ಪಳವನ್ನೂ ಕೇಳದ ಊರು ಅದು. ನನಗೆ ಒಪ್ಪುವ ಜಾಗ ಇದೊಂದೇ ಅನಿಸಿತು.

ಅಂಥ ಊರಿಗೆ ನಮ್ಮ ಅಕ್ಕ ಬಂದಳು.

ನೀಲಕ್ಕನನ್ನು ಅಡರಕಟ್ಟಿಗೆ ಕೊಟ್ಟಿದೆ. ಹೊಲದ ಈ ಬದುವಿನಿಂದ ಆ ಬದುವಿಗೆ ಮಾತನಾಡಿ ರೂಢಿಯಾದ ಗಂಟಲು. ಪ್ರವಾಸದವರ ಜೊತೆ ಬಂದವಳು ಖಾನಾವಳಿಯ ಬಾಗಿಲಲ್ಲೇ ಕೂಗಿದಳು.

"ಅಯ್ಯ ನನ ತಂಗೀನ! ಹಿಮದಾಗ ಇದ್ರ ಬೆಳ್ಳಗ ಆಗ್ತಾರ ಅಂದಿದ್ರು, ಹಂಚಿನ ತಳ ಆಗೀಯಲ್ಲಲೇ!"

"ಹಿಮದ ಬಿಸಲು ಭಾಳ ಸುಡತೈತಿ ಅಕ್ಕ."

"ಸುಡ್ಲಿ. ಊರಿಗೆ ನಡಿ, ಅಲ್ಲೂ ಸುಡತೈತಿ. ಇಲ್ಲೀತನಕ ಬಂದು ಸುಟಗೊಳ್ಳೂದೇನಿತ್ತು?"

ಉಂಡು ಕೈ ತೊಳೆಯುವ ಮೊದಲೇ ಬಂದ ಕಾರಣ ಹೇಳಿದಳು. ಬರುವ ತಿಂಗಳು ಶಿವರಾತ್ರಿ ಕಳೆದ ಮೇಲೆ ಗಂಡನ ವರ್ಷದ ಕಾರ್ಯ. "ನಿಂದೂ ಸೇರಿಸಿ ರೇಲ್ವೆ ಟಿಕೇಟ್ ತಗಸೇನಿ. ನಾಡಿದ್ದ ನಮ್ಮ ಜೋಡಿ ಹೊಂಡು. ಅಲ್ಲೇ ಇರು, ವಾಪಸ್ ಬರೂ ಮಾತಿಲ್ಲ. ಮಂದಿ ಬಾಯಿಗೆ ಎಷ್ಟಂತ ಉತ್ತರ ಕೊಡ್ಲಿ ನಾನು?"

ಮತ್ತೆ ಅದೇ ಹೆಂಗಸರ ನಡುವೆ, ಅದೇ ಒಣ ಕಣ್ಣು ಹೊತ್ತು ಕುಳಿತ ನನ್ನನ್ನು ನಾನೇ ದೂರದಿಂದ ನೋಡಿದೆ. ಅಷ್ಟೇ.

ಸಂಜೆ ಹಳ್ಳಿಗೆ ಕರೆದೊಯ್ದೆ. ಸೇತುವೆ ದಾಟಿದ ಕೂಡಲೇ, "ಇಲ್ಲಿಂದ ಪಿಸುಮಾತು ಅಕ್ಕ" ಅಂದೆ.

"ಯಾಕ, ಯಾರರ ಸತ್ತಾರೇನು?"

"ಇಲ್ಲ. ದೇವ್ರು ಊರಾಗಿಲ್ಲ. ಬರೂತನಕ ಗದ್ಲ ಮಾಡಂಗಿಲ್ಲ."

"ಎಂದ ಬರ್ತಾನ?"

"ಮುಂದಿನ ತಿಂಗಳ."

ಅಕ್ಕ ನಿಂತೇಬಿಟ್ಟಳು. "ಅಲ್ಲೀತನಕ ಗಂಡ-ಹೆಂಡ್ತಿ ಜಗಳಾ ಆಡೂದು ಹೆಂಗ?"

ಮನೆಯಲ್ಲಿ ಇದನ್ನು ಬಿಮಲಾ ದೀದಿಗೆ ಹಿಂದಿಯಲ್ಲಿ ಹೇಳಿದೆ. ಅವರು ಪಟ್ಟು, ಅಂದರೆ ಇಲ್ಲಿಯ ಹೆಂಗಸರು ಮೈಗೆ ಸುತ್ತಿಕೊಳ್ಳುವ ಉಣ್ಣೆಯ ಬಟ್ಟೆ, ಅದರ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು. "ಅದಕ್ಕೇ ಸೇತುವೆ ದಾಟಿ ಪೇಟೆಗೆ ಹೋಗುತ್ತೇವೆ" ಎಂದರು. ಅಕ್ಕನಿಗೂ ದೀದಿಗೂ ಪರಸ್ಪರರ ಭಾಷೆ ಬಾರದು. ಆದರೂ ಆ ಕ್ಷಣದಿಂದ ಗೆಳತಿಯರಾದರು.

ಮರುದಿನ ಸೋಲಂಗ್ ಕಣಿವೆಗೆ ಹೋದೆವು. ಇಳಕಲ್ ಸೀರೆಯ ಮೇಲೆಯೇ ಬಾಡಿಗೆಯ ಹಿಮದಂಗಿ ತೊಟ್ಟು, ಕಾಲಿಗೆ ರಬ್ಬರ್ ಬೂಟು ಏರಿಸಿ ಅಕ್ಕ ತುಂಬಿದ ಜೋಳದ ಚೀಲದಂತೆ ಕಂಡಳು. ಇಳಿಜಾರಿನಲ್ಲಿ ಗಾಳಿ ತುಂಬಿದ ಟ್ಯೂಬಿನಲ್ಲಿ ಕೂಡಿಸಿ ಜಾರಿಬಿಡುತ್ತಾರೆ. "ನನ್ನ ಮೊಮ್ಮಕ್ಕಳಿಗೆ ಹೇಳಾಕರ ಬೇಕಲ್ಲ" ಎಂದು ಕುಳಿತಳು. ಟ್ಯೂಬಿನವನು ನೂಕಿದ. "ಯವ್ವಾ, ಸತ್ತ್ನೆಪ್ಪೋ!" ಎಂಬ ಕೂಗು ಬೆಟ್ಟಕ್ಕೆ ಬಡಿದು ವಾಪಸ್ಸು ಬಂತು. ಕೆಳಗೆ ಹೋಗಿ ಮಗುಚಿ ಬಿದ್ದು, ಎದ್ದು ಕುಳಿತು, "ಗೌರೀ, ಇನ್ನೊಮ್ಮೆ!" ಎಂದು ಕಿರುಚಿದಳು. ಸುತ್ತ ಎಲ್ಲರೂ ನಕ್ಕರು. ನಗಬೇಕಾದ ಜಾಗ ಇದು ಎಂದು ನನಗೂ ಗೊತ್ತಾಯಿತು. ಅವಳ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ. ಬಿದ್ದವಳನ್ನು ಎಬ್ಬಿಸಲು ಇಳಿದು ಬರಿಗೈಯಲ್ಲಿ ಹಿಮ ಬಗೆದದ್ದರಿಂದ ಬೆರಳು ಮತ್ತೆ ಸುನ್ನ್ ಆಗಿದ್ದವು.

ಸಂಜೆ ತಂದೂರಿನ ಸುತ್ತ ಕುಳಿತೆವು. ಬಿಮಲಾ ದೀದಿ ಸಿಡ್ಡು ಮಾಡಿದ್ದರು. ಗೋಧಿ ಹಿಟ್ಟಿನೊಳಗೆ ಅಕ್ರೋಟು ತುಂಬಿ ಹಬೆಯಲ್ಲಿ ಬೇಯಿಸಿದ್ದು, ತುಪ್ಪದಲ್ಲಿ ಅದ್ದಿ ತಿನ್ನಬೇಕು. "ಕಡಬು ಐತಿ ಬಿಡು, ಹೆಸರಷ್ಟ ಬ್ಯಾರೆ" ಎಂದು ಅಕ್ಕ ಪಿಸುಗುಟ್ಟುತ್ತಲೇ ಮೂರು ತಿಂದಳು. ಆಮೇಲೆ ಸೊಂಟದಿಂದ ಎಲೆ ಸಂಚಿ ತೆಗೆದಳು. ಅದು ಆಯಿಯ ಸಂಚಿ. ಆಯಿಯ ಹಿತ್ತಾಳೆ ಸುಣ್ಣದ ಡಬ್ಬಿಯೂ ಅದರಲ್ಲೇ ಇತ್ತು.

"ಇಷ್ಟ ದೂರ ಬಂದೇನಿ. ನನ್ನ ಜೋಡಿ ಒಂದ್ ಎಲಿ ಹಾಕು."

"ನಾನು ಹಾಕೂದಿಲ್ಲಲ್ಲಕ್ಕ."

"ಗೊತ್ತೈತಿ. ಇವತ್ತ ಹಾಕು. ಊರಿಗೆ ಬರ್ತೀಯೋ ಇಲ್ಲೋ ಆಮ್ಯಾಲೆ ಹೇಳು."

ಎಲೆ ಕೈಗಿಟ್ಟಳು. ನಾನು ಡಬ್ಬಿಯಲ್ಲಿ ಬೆರಳದ್ದಿ ಸವರಿದೆ, ಅಡಿಕೆ ಇಟ್ಟು ಮಡಚಿ ಬಾಯಿಗೆ ಹಾಕಿದೆ. ಬೆರಳಿಗೆ ಅಳತೆ ತಿಳಿದಿರಲಿಲ್ಲ. ಒಂದೆರಡು ಸಲ ಅಗಿಯುವಷ್ಟರಲ್ಲಿ ನಾಲಿಗೆಗೆ ಕೆಂಡ ಇಟ್ಟಂತಾಯಿತು. ಕೆನ್ನೆಯ ಒಳಗೆಲ್ಲ ಉರಿ.

"ಉಗುಳ್ ಉಗುಳ್! ಎಷ್ಟ ಬಳಕೊಂಡೀಲೇ!" ಅಕ್ಕನ ದನಿ ಮಾಡು ಮುಟ್ಟಿತು. ಬಿಮಲಾ ದೀದಿ ತುಟಿಯ ಮೇಲೆ ಬೆರಳಿಟ್ಟು, ಮತ್ತೊಂದು ಕೈಯಿಂದ ತುಪ್ಪದ ಬಟ್ಟಲು ನೂಕಿದರು. "ಕ್ಯಾ ಹುವಾ?"

"ಸುಣ್ಣ" ಅಂದೆ.

"ಸುನ್ನ್?" ಅವರು ನನ್ನ ಬೆರಳು ಹಿಡಿದು ತಿಕ್ಕತೊಡಗಿದರು.

"ನಹೀಂ ದೀದಿ. ಸುಣ್ಣ."

ತುಪ್ಪ ಸವರಿದೆವು. ಉರಿ ಇಳಿಯಿತು. ಕಣ್ಣೀರು ಇಳಿಯುತ್ತಲೇ ಇತ್ತು. ಸಪ್ಪಳವಿಲ್ಲದೆ, ಬಿಕ್ಕಿಲ್ಲದೆ, ಗಲ್ಲದಿಂದ ಗದ್ದಕ್ಕೆ, ಗದ್ದದಿಂದ ಮಡಿಲಿಗೆ. ಎದೆಯೊಳಗೆ ಏನಾದರೂ ಕದಲಿತೇ ಎಂದು ನಾನೂ ಕಾದು ನೋಡಿದೆ. ಗೊತ್ತಾಗಲಿಲ್ಲ. ಒಲೆಯಲ್ಲಿ ದೇವದಾರು ಚಕ್ಕೆ ಚಟಪಟ ಅನ್ನುತ್ತಿತ್ತು. ಬಿಮಲಾ ದೀದಿ ಬೆರಳು ತಿಕ್ಕುವುದನ್ನು ಬಿಡಲಿಲ್ಲ.

ಅಕ್ಕ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ಆಮೇಲೆ, ಅಷ್ಟು ಸಣ್ಣ ದನಿ ಅವಳಿಗಿದೆಯೆಂದು ನನಗೆ ಗೊತ್ತಿರಲಿಲ್ಲ, ಕೇಳಿದಳು, "ಸುಣ್ಣಕ್ಕೇನ?"

"ಸುಣ್ಣಕ್ಕ."

"ಆತು ಬಿಡು." ಸಂಚಿಯ ದಾರ ಎಳೆದು ಕಟ್ಟಿದಳು. "ಊರಾಗ ಕೇಳಿದ್ರ, ಗೌರಿ ಅತ್ತಳು, ನನ್ನ ಕಣ್ಣಿಂದ ನೋಡೇನಿ ಅಂತೀನಿ. ಖರೆ ಮಾತಲ್ಲ? ಸುಣ್ಣದ ಖಬರ ಅವರಿಗ್ಯಾಕ?"

ತುಪ್ಪದ ಬಟ್ಟಲು ಬದಿಗಿಟ್ಟು ನಾನೇ ಹೇಳಿದೆ, "ನಾಳೆ ನಿನ್ನ ಜೋಡಿ ಬರೂದಿಲ್ಲಕ್ಕ. ಕಾರ್ಯಕ್ಕ ಬರ್ತೇನಿ. ತಿರುಗಿ ಇಲ್ಲಿಗೆ ಬರ್ತೇನಿ."

"ಬಾ" ಅಂದಳು. "ಅಳಾಕ ಬರಬ್ಯಾಡ. ಉಣ್ಣಾಕ ಬಾ."

ಹೋಗುವಾಗ ಸುಣ್ಣದ ಡಬ್ಬಿಯನ್ನು ನನ್ನ ಕೋಣೆಯ ಗೂಡಿನಲ್ಲಿ ಇಟ್ಟು ಹೋಗಿದ್ದಳು. ಬಸ್ಸು ಹೊರಟ ಮೇಲೆ ನೋಡಿದೆ.

ಹೋದ ವಾರ ಊರ ದೇವರು ಸ್ವರ್ಗದಿಂದ ವಾಪಸ್ಸು ಬಂದ. ಗಂಟೆಯ ಬಟ್ಟೆ ಬಿಚ್ಚಿದರು. ಮಕ್ಕಳು ಕೂಗಿದವು, ನಾಯಿ ಬೊಗಳಿದವು, ಪಕ್ಕದ ಮನೆಯಲ್ಲಿ ತಿಂಗಳಿಂದ ಕೂಡಿಟ್ಟ ಜಗಳವೊಂದು ಶುರುವಾಯಿತು. ಗದ್ದಲಕ್ಕೆ ನಾನು ಬೆಚ್ಚಿಬಿದ್ದೆ. ನಮ್ಮ ಓಣಿಯಲ್ಲೇ ಇದ್ದೇನೆ ಅನಿಸಿತು, ಆ ಓಣಿಯಿಂದ ಓಡಿಹೋಗಬೇಕೆಂದೂ ಅನಿಸಿತು.

ಈಗ ಚೀಲ ಕಟ್ಟಿದ್ದೇನೆ. ಹೋಗುವ ಟಿಕೇಟಿನ ಜೊತೆ ಬರುವ ಟಿಕೇಟೂ ಇದೆ. ಊರಿನವರಿಗೆ ಕೊಡಲು ಬಿಮಲಾ ದೀದಿ ಅಕ್ರೋಟು ತುಂಬಿಸಿದ್ದಾರೆ, ಬರುವಾಗ ಹೊಸ ಜೋಳದ ಹಿಟ್ಟು ತರಬೇಕೆಂದು ಮಾಲಕರು ಹೇಳಿದ್ದಾರೆ. ನಿನ್ನೆ ಅಕ್ಕ ಫೋನು ಮಾಡಿದ್ದಳು.

"ಬೆರಳು ಹೆಂಗದಾವಲೇ?"

"ಇನ್ನೂ ಸುನ್ನ್ ಅದಾವಕ್ಕ."

"ಆಂ? ಸುಣ್ಣ ಮುಗೀತೇನ?"

ತಿದ್ದಬೇಕೆಂದುಕೊಂಡೆ. ಗೂಡಿನತ್ತ ನೋಡಿದೆ.

"ಇಲ್ಲಕ್ಕ" ಅಂದೆ, "ಇನ್ನೂ ಐತಿ."